ಬಿಸಿಲಿನ ಕಾರಣ ಹೇಳಿ ಲಗೇಜು ಬಿಟ್ಟು ಹಾರುವ ವಿಮಾನ: ದೋಷ ಹವೆಯದೋ, ಆಡಳಿತದ್ದೋ?

ಪ್ರಶ್ನೆ (ಕಟಪಾಡಿಯಿಂದ)

ಮಾನ್ಯರೇ,

ಗಲ್ಫ್‌ನಲ್ಲಿ ನೆಲೆಸಿರುವ ನನ್ನ ತಂಗಿಯ ಸೀಮಂತಕ್ಕಾಗಿ ಕಳೆದ ಏಪ್ರಿಲ್ ಕೊನೆಯಲ್ಲಿ ನಾವು ಮನೆಮಂದಿ ಮಂಗಳೂರಿನಿಂದ ಮಧ್ಯಾಹ್ನದ ವಿಮಾನದಲ್ಲಿ ಹೊರಟಿದ್ದೆವು. ಎಲ್ಲರೂ ಹತ್ತಿ ಕುಳಿತ ಮೇಲೆ ವಿಮಾನ ಬಹಳ ಹೊತ್ತು ನಿಂತಲ್ಲೇ ನಿಂತಿತು. ತಲೆಯ ಮೇಲಿನ ಕಿಂಡಿಗಳಿಂದ ಬರುತ್ತಿದ್ದುದು ಬೆಚ್ಚನೆಯ ಗಾಳಿ. ಎದುರಿನ ಸಾಲಿನಲ್ಲಿದ್ದ ಕೂಸು ಅಳುವುದನ್ನೂ ನಿಲ್ಲಿಸಿ ಬಸವಳಿದು ತಾಯಿಯ ಹೆಗಲಿಗೆ ಒರಗಿತ್ತು. ಕೊನೆಗೆ, ಹೊರಗಿನ ತಾಪಮಾನ ಹೆಚ್ಚಾಗಿರುವುದರಿಂದ ತೂಕ ಇಳಿಸಬೇಕಾಗಿದೆ ಎಂಬ ಪ್ರಕಟಣೆ ಬಂತು. ಯಾರ ತೂಕ, ಯಾವ ತೂಕ ಎಂದು ಯಾರೂ ಹೇಳಲಿಲ್ಲ. ಅಲ್ಲಿ ಇಳಿದ ಮೇಲೆ ಬೆಲ್ಟಿನ ಮುಂದೆ ಕಾದು ನಿಂತಾಗಲೇ ನಮಗೂ ಇನ್ನೂ ಹಲವರಿಗೂ ಪೆಟ್ಟಿಗೆಗಳು ಮಂಗಳೂರಿನಲ್ಲೇ ಉಳಿದಿವೆ ಎಂಬುದು ತಿಳಿದದ್ದು.

ಪೆಟ್ಟಿಗೆಗಳು ಬಂದದ್ದು ಸೀಮಂತ ಮುಗಿದ ಮೇಲೆ. ಅವುಗಳಲ್ಲಿ ಒಂದರಲ್ಲಿ ಬಾಳೆಎಲೆಯಲ್ಲಿ ಸುತ್ತಿಟ್ಟಿದ್ದ ಶಂಕರಪುರದ ಮಲ್ಲಿಗೆ ಇತ್ತು. ಮೊಗ್ಗೆಲ್ಲ ಕಂದು ಬಣ್ಣಕ್ಕೆ ತಿರುಗಿ, ಎಲೆಯೊಂದಿಗೆ ಅಂಟಿಕೊಂಡು, ಬಿಡಿಸಲಾಗದಂತೆ ಆಗಿತ್ತು. ನಮ್ಮ ಕಡೆ ಮಲ್ಲಿಗೆಯಿಲ್ಲದ ಸೀಮಂತವೆಂದರೆ ಏನೆಂಬುದನ್ನು ಇಲ್ಲಿಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ನನ್ನ ಪ್ರಶ್ನೆ ಇಷ್ಟು. ಬಿಸಿಲಿಗೂ ವಿಮಾನ ಹೊರುವ ತೂಕಕ್ಕೂ ನಿಜವಾಗಿ ಸಂಬಂಧವಿದೆಯೇ? ಇದ್ದರೆ, ನಮ್ಮೂರಿನಲ್ಲಿ ಏಪ್ರಿಲ್ ತಿಂಗಳು ಸೆಕೆಯಿಂದ ಕೂಡಿರುತ್ತದೆ ಎಂಬುದು ಸಂಸ್ಥೆಗೆ ಮೊದಲೇ ಗೊತ್ತಿರಲಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಸುರತ್ಕಲ್‌ನಿಂದ, ವಿಮಾನಯಾನ ಸಂಸ್ಥೆಯಲ್ಲಿ ಹಾರಾಟದ ತೂಕ, ಇಂಧನಗಳ ಲೆಕ್ಕ ಹಾಕುವ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು)

ತಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು. ಆದರೆ ತಮ್ಮ ಪೆಟ್ಟಿಗೆಗಳು ಕೆಳಗಿಳಿದದ್ದು ಬಿಸಿಲೊಂದರಿಂದಲೇ ಎಂಬ ಮಾತನ್ನು ನಾನು ಒಪ್ಪಲಾರೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ತಾಪಮಾನವನ್ನು ವಿಮಾನಶಾಸ್ತ್ರದಲ್ಲಿ ಪ್ರಮಾಣವಾಗಿ ಹಿಡಿಯುತ್ತಾರೆ. ಆಗ ಒಂದು ಘನ ಮೀಟರ್ ಗಾಳಿಯ ತೂಕ 1.225 ಕಿಲೋಗ್ರಾಂ. ತಾಪಮಾನ 35 ಡಿಗ್ರಿಗೆ ಏರಿದರೆ ಅದು ಸುಮಾರು 1.15ಕ್ಕೂ, ಗಲ್ಫ್‌ನ ಬೇಸಿಗೆಯ 45 ಡಿಗ್ರಿಯಲ್ಲಿ ಸುಮಾರು 1.11ಕ್ಕೂ ಇಳಿಯುತ್ತದೆ. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಅದೇ ಆಧಾರ ಸಿಗಬೇಕಾದರೆ ವಿಮಾನ ಇನ್ನೂ ವೇಗವಾಗಿ ಓಡಬೇಕು; ಅಂದರೆ ರನ್‌ವೇ ಹೆಚ್ಚು ಬೇಕು. ಎಂಜಿನ್‌ಗಳ ಕಥೆಯೂ ಇದೇ. ಬೋಯಿಂಗ್ 737-800ರಂಥ ವಿಮಾನದ ಎಂಜಿನ್‌ಗಳು ಸಮುದ್ರಮಟ್ಟದಲ್ಲಿ ಸುಮಾರು 30 ಡಿಗ್ರಿಯ ತನಕ ಮಾತ್ರ ತಮ್ಮ ಪೂರ್ಣ ಬಲ ಕೊಡುತ್ತವೆ. ಅದರ ಮೇಲೆ ಒಳಗಿನ ಬ್ಲೇಡುಗಳು ಮಿತಿಮೀರಿ ಕಾಯದಂತೆ ಬಲವನ್ನು ಕಡಿಮೆ ಮಾಡಲೇಬೇಕಾಗುತ್ತದೆ. ಇವೆರಡರ ಜೊತೆಗೆ ಇನ್ನೊಂದು ಕಟ್ಟುನಿಟ್ಟಾದ ನಿಯಮವಿದೆ: ನೆಲ ಬಿಡುವ ಹೊತ್ತಿಗೆ ಒಂದು ಎಂಜಿನ್ ಕೆಟ್ಟರೂ, ಉಳಿದ ಒಂದರ ಬಲದಲ್ಲೇ, ಚಕ್ರ ಒಳಗೆ ಸೇರಿದ ಬಳಿಕ, ಪ್ರತಿ 100 ಮೀಟರ್ ಮುಂದೆ ಸಾಗುವಷ್ಟರಲ್ಲಿ ವಿಮಾನ ಕನಿಷ್ಠ 2.4 ಮೀಟರ್ ಮೇಲೇರಲೇಬೇಕು. ಬಿಸಿ ಮಧ್ಯಾಹ್ನದಲ್ಲಿ ತೂಕವನ್ನು ಕಟ್ಟಿಹಾಕುವುದು ಅನೇಕ ಸಲ ಈ ನಿಯಮವೇ.

ಇದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. 2017ರ ಜೂನ್‌ನಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ತಾಪಮಾನ 48 ಡಿಗ್ರಿಯ ಆಸುಪಾಸಿಗೆ ಏರಿದಾಗ, ಅಲ್ಲಿಯ ಸಣ್ಣ ಜೆಟ್‌ಗಳಿಗೆ ನಿಗದಿಯಾಗಿದ್ದ ಗರಿಷ್ಠ ತಾಪಮಾನವೇ ಮೀರಿಹೋಗಿ ಹತ್ತಾರು ಹಾರಾಟಗಳು ರದ್ದಾದವು.

ಈಗ ಮಂಗಳೂರಿಗೆ ಬರೋಣ. ನಮ್ಮ ರನ್‌ವೇ 2,450 ಮೀಟರ್ ಉದ್ದ, ಗುಡ್ಡದ ನೆತ್ತಿಯಲ್ಲಿರುವಂಥದ್ದು. ದುಬೈಯಂಥ ಕಡೆ ಸುಮಾರು 4 ಕಿಲೋಮೀಟರ್ ರನ್‌ವೇ ಇರುವುದರಿಂದ 45 ಡಿಗ್ರಿಯಲ್ಲೂ ಉದ್ದ ಸಾಲದೆಂಬ ಮಾತು ಬರುವುದು ಅಪರೂಪ. ಇಲ್ಲಿ 35 ಡಿಗ್ರಿಯೇ ಲೆಕ್ಕಕ್ಕೆ ಬರುತ್ತದೆ.

ಆದರೆ ತಾವು ಗಮನಿಸಬೇಕಾದ ಲೆಕ್ಕ ಬೇರೆಯೇ ಇದೆ. 737-800ರಲ್ಲಿ ಇಂಧನ ಬಿಟ್ಟು ಉಳಿದೆಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ ಸುಮಾರು 62.7 ಟನ್. ಸಿಬ್ಬಂದಿ, ಆಸನ, ಅಡುಗೆ ಸಾಮಗ್ರಿ ಎಲ್ಲ ಸೇರಿದ ಖಾಲಿ ವಿಮಾನವೇ ಸುಮಾರು 42 ಟನ್ ಆಗುತ್ತದೆ. 186 ಪ್ರಯಾಣಿಕರು, ಕೈಚೀಲ ಸಹಿತ ತಲಾ 80 ಕಿಲೋ ಎಂದು ಹಿಡಿದರೆ ಸುಮಾರು 15 ಟನ್. ತಲಾ 30 ಕಿಲೋ ಲಗೇಜು ಎಂದರೆ ಇನ್ನೂ ಐದೂವರೆ ಟನ್. ಒಟ್ಟು 62.5. ಬಿಸಿಲು ಇರಲಿ, ಮಂಜು ಬೀಳಲಿ, ಈ ಮಿತಿ ಬದಲಾಗುವುದಿಲ್ಲ. ಅದು ವಿಮಾನದ ರಚನೆಗೆ ಸಂಬಂಧಿಸಿದ್ದು. ಆಸನಗಳನ್ನೆಲ್ಲ ಮಾರಿ, ಪ್ರತಿಯೊಬ್ಬರಿಗೂ 30 ಕಿಲೋ ಒಪ್ಪಿಕೊಂಡು, ಅದರ ಮೇಲೆ ಹೆಚ್ಚುವರಿ ಲಗೇಜಿಗೂ ಹಣ ಪಡೆದಿದ್ದರೆ, ಡಿಸೆಂಬರ್ ತಿಂಗಳ ತಂಪು ಬೆಳಗಿನಲ್ಲೂ ಕೆಲವು ಪೆಟ್ಟಿಗೆಗಳು ಉಳಿಯಲೇಬೇಕು. ಅದನ್ನು ತಾಪಮಾನದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಗಂಟೆಗೆ ಸುಮಾರು ಎರಡೂವರೆ ಟನ್‌ನಂತೆ ಗಲ್ಫ್‌ಗೆ ಬೇಕಾದ ಇಂಧನ, ಮೀಸಲು ಇಂಧನ ಸೇರಿ 13 ಟನ್ ಎಂದಿಟ್ಟುಕೊಂಡರೆ ಟೇಕ್‌ಆಫ್ ತೂಕ 75 ಟನ್ ದಾಟುತ್ತದೆ. ಕಾಗದದ ಮೇಲಿನ ಗರಿಷ್ಠ ಮಿತಿ 79 ಟನ್. ಈ ಸುಮಾರು ಮೂರೂವರೆ ಟನ್ ಅಂತರವನ್ನು ತಿನ್ನುವವು ಬಿಸಿಲು, ಹಿಂದಿನಿಂದ ಬೀಸುವ ಗಾಳಿ, ಒದ್ದೆ ರನ್‌ವೇ. ಇವುಗಳ ಲೆಕ್ಕವನ್ನು ಹಿಂದಿನ ದಿನವೇ ಹಾಕಬಹುದು, ಹಾಕುತ್ತಾರೆ ಕೂಡ.

ಇನ್ನೊಂದು ಮಾತು. ಒಂದೇ ಮಾದರಿಯ ವಿಮಾನಕ್ಕೂ ಎಂಜಿನ್‌ನ ಬಲದ ಶ್ರೇಣಿ ಬೇರೆ ಬೇರೆ ಇರುತ್ತದೆ. 737-800ಕ್ಕೆ 24 ಸಾವಿರ ಪೌಂಡ್‌ನಿಂದ 27 ಸಾವಿರ ಪೌಂಡ್‌ನವರೆಗೆ ಆಯ್ಕೆಗಳಿದ್ದವು. ಸೆಕೆಯ ನಾಡಿನಲ್ಲಿ, ಚಿಕ್ಕ ರನ್‌ವೇಗಳಿಂದ ಹಾರುವ ಸಂಸ್ಥೆ ಯಾವ ಶ್ರೇಣಿಯನ್ನು ಕೊಳ್ಳುತ್ತದೆ, ಯಾವ ಹೊತ್ತಿಗೆ ವೇಳಾಪಟ್ಟಿ ಹಾಕುತ್ತದೆ, ಮಧ್ಯಾಹ್ನದ ವಿಮಾನದಲ್ಲಿ ಎಷ್ಟು ಆಸನ ಮಾರುತ್ತದೆ ಎಂಬುದೆಲ್ಲ ಕಚೇರಿಯಲ್ಲಿ ಕುಳಿತು ಮಾಡುವ ತೀರ್ಮಾನ. ಹವೆ ಅವರ ಕೈಯಲ್ಲಿಲ್ಲ. ಆದರೆ ಏಪ್ರಿಲ್‌ನ ಹವೆ ಯಾರಿಗೂ ಹೊಸ ಸುದ್ದಿಯಲ್ಲ.

ಉತ್ತರ (ಬಜಪೆಯಿಂದ, ಹಿಂದೆ ಗ್ರೌಂಡ್ ಹ್ಯಾಂಡ್ಲಿಂಗ್‌ನಲ್ಲಿದ್ದವರು)

ಮೇಲಿನ ಹಿರಿಯರು ಲೆಕ್ಕ ಹೇಳಿದ್ದಾರೆ. ರಾಂಪಿನಲ್ಲಿ, ಅಂದರೆ ವಿಮಾನ ನಿಲ್ಲಿಸಿ ಲಗೇಜು ಏರಿಸುವ ಜಾಗದಲ್ಲಿ, ಅದು ಹೇಗೆ ನಡೆಯುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ವಿಮಾನದ ಒಟ್ಟು ತೂಕದ ಲೆಕ್ಕಪತ್ರವಾದ ಲೋಡ್‌ಶೀಟ್ ಅಂತಿಮವಾಗುವುದು ಚೆಕ್-ಇನ್ ಮುಗಿದ ಮೇಲೆ. ಆ ಹೊತ್ತಿಗೆ ಹೆಚ್ಚಿನ ಲಗೇಜು ಹೊಟ್ಟೆಯೊಳಗೆ ಸೇರಿರುತ್ತದೆ. ಎಂಟು ನೂರು ಕಿಲೋ ಇಳಿಸಿ ಎಂದು ಆಗ ಹೇಳಿದರೆ, ಬಾಗಿಲ ಹತ್ತಿರ ಯಾವುದು ಕೈಗೆ ಸಿಗುತ್ತದೋ ಅದೇ ಇಳಿಯುತ್ತದೆ. ಅದರಲ್ಲಿ ಮಲ್ಲಿಗೆ ಇದೆಯೋ, ಮಾತ್ರೆ ಇದೆಯೋ ಎಂದು ನೋಡುವವರಿಲ್ಲ. ಕೊನೆಗೆ ಬಂದವರ ಪೆಟ್ಟಿಗೆ ಕೊನೆಗೆ ಏರಿರುತ್ತದೆ, ಆದ್ದರಿಂದ ಅದೇ ಮೊದಲು ಇಳಿಯುತ್ತದೆ. ಕುಂದಾಪುರ, ಬೈಂದೂರು ಕಡೆಯಿಂದ ಬರುವವರು ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ತಲುಪಿದರೆ ಅವರಿಗೇ ಹೆಚ್ಚು ಪೆಟ್ಟು.

ಒಳಗಿನ ಸೆಕೆಯ ಬಗ್ಗೆ. ಎಂಜಿನ್ ಆರಿದಾಗ ವಿಮಾನಕ್ಕೆ ವಿದ್ಯುತ್ತನ್ನೂ ಎ.ಸಿ.ಗೆ ಬೇಕಾದ ಗಾಳಿಯನ್ನೂ ಕೊಡುವುದು ಬಾಲದಲ್ಲಿರುವ ಎಪಿಯು ಎಂಬ ಸಣ್ಣ ಯಂತ್ರ. ಅದು ಕೆಟ್ಟಿದ್ದರೂ ನಿಗದಿತ ದಿನಗಳ ತನಕ ವಿಮಾನ ಹಾರಬಹುದು. ಹಾಗೆ ಹಾರಲು ಅನುಮತಿಸುವ ಅಧಿಕೃತ ಪಟ್ಟಿಯೇ ಇದೆ, ಮತ್ತು ಹಾರುವ ಮಟ್ಟಿಗೆ ಅದರಲ್ಲಿ ಅಪಾಯವಿಲ್ಲ. ಆದರೆ ಚಳಿಯ ದೇಶದಲ್ಲಿ ಅದು ಸಣ್ಣ ಅನನುಕೂಲವಾದರೆ, ನಮ್ಮಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾದ ಲೋಹದ ಕೊಳವೆಯೊಳಗೆ ನೂರೆಂಬತ್ತು ಜನ ಕುಳಿತಿರುವಾಗ ಅದು ಬೇರೆಯೇ ಸಂಗತಿ. ಹೊರಗಿನಿಂದ ತಂಪುಗಾಳಿ ಕೊಡುವ ಯಂತ್ರ ತಂದು ಜೋಡಿಸದೆ, ಎಪಿಯು ಇಲ್ಲದ ವಿಮಾನವನ್ನು ಮಧ್ಯಾಹ್ನದ ಪಾಳಿಗೆ ಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಜೆಯ ಪಾಳಿಗೆ ಹಾಕಲು ಇನ್ನೊಂದು ವಿಮಾನ ಬೇಕು. ಬದಲಿ ವಿಮಾನ ಇಟ್ಟುಕೊಳ್ಳುವುದು ಖರ್ಚಿನ ಬಾಬತ್ತು. ಆದ್ದರಿಂದ ಹಾಗೆ ಮಾಡುವುದಿಲ್ಲ.

ಬ್ರೇಕುಗಳದ್ದೂ ಒಂದು ಮಾತಿದೆ. ಚಿಕ್ಕ ರನ್‌ವೇಯಲ್ಲಿ ಭಾರವಾಗಿ ಇಳಿದ ವಿಮಾನದ ಬ್ರೇಕು ಬಹಳ ಕಾದಿರುತ್ತದೆ, ಬಿಸಿ ಹವೆಯಲ್ಲಿ ಆರುವುದೂ ನಿಧಾನ. ಅದು ತಣಿಯುವ ಮೊದಲು ಹೊರಡುವಂತಿಲ್ಲ. ಅರ್ಧ ಗಂಟೆಯಲ್ಲಿ ತಿರುಗಿ ಹೊರಡಬೇಕೆಂದು ವೇಳಾಪಟ್ಟಿ ಬರೆದವರು ಈ ಸಮಯವನ್ನು ಸೇರಿಸಿರುವುದಿಲ್ಲ. ಬೆಳಗ್ಗಿನ ಹತ್ತು ನಿಮಿಷದ ವಿಳಂಬ ರಾತ್ರಿಯ ಹೊತ್ತಿಗೆ ಮೂರು ಗಂಟೆ ಆಗುತ್ತದೆ. ಕೌಂಟರಿನಲ್ಲಿ ಬೈಗುಳ ತಿನ್ನುವ ಹುಡುಗ-ಹುಡುಗಿಯರಿಗೆ ಕಾರಣವೇ ತಿಳಿಸಿರುವುದಿಲ್ಲ. ದಯವಿಟ್ಟು ಅವರ ಮೇಲೆ ಕೋಪ ಬೇಡ.

ಉತ್ತರ (ಉಡುಪಿಯಿಂದ)

ಚರ್ಚೆಯನ್ನು ಗೌರವದಿಂದ ಓದಿದ್ದೇನೆ. ಆದರೂ ಒಂದು ಕಳವಳವನ್ನು ಹೇಳಲೇಬೇಕು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದು ಮಂಗಳೂರಿನಲ್ಲಿ ಇಳಿಯುವಾಗ ಕೆಂಜಾರಿನ ಗುಡ್ಡದಿಂದ ಜಾರಿದ ವಿಮಾನದಲ್ಲಿ 158 ಜನ ತೀರಿಕೊಂಡರು, ಬದುಕಿ ಬಂದವರು ಎಂಟೇ ಮಂದಿ. ನಮ್ಮ ಎರಡು ಜಿಲ್ಲೆಗಳಲ್ಲೂ ಕಾಸರಗೋಡಿನಲ್ಲೂ ಆ ನೋವು ತಟ್ಟದ ಊರು ವಿರಳ. ಹೀಗಿರುವಾಗ, ತೂಕ ಇಳಿಸಬೇಕು ಎಂದ ಕ್ಯಾಪ್ಟನ್‌ನನ್ನು ನಾವು ಪ್ರಶ್ನಿಸತೊಡಗಿದರೆ, ನಾಳೆ ಜನರ ಕೂಗಾಟಕ್ಕೆ ಅಂಜಿ ಯಾರಾದರೂ ಇಳಿಸದೆಯೇ ಹಾರಬಹುದಲ್ಲವೇ? ಪೆಟ್ಟಿಗೆ ನಾಳೆ ಬಂದೀತು.

ಉತ್ತರ (ಸುರತ್ಕಲ್‌ನಿಂದ, ಮತ್ತೆ)

ತಮ್ಮ ಕಳವಳ ನನ್ನದೂ ಹೌದು. ಕ್ಯಾಪ್ಟನ್ ತೂಕ ಇಳಿಸಿ ಎಂದರೆ ಇಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಪ್ರಶ್ನಿಸುತ್ತಿರುವುದು ಆ ಕ್ಷಣಕ್ಕಿಂತ ಬಹಳ ಮೊದಲು ನಡೆದ ತೀರ್ಮಾನಗಳನ್ನು.

ತಾವು ನೆನಪಿಸಿದ ದುರಂತವನ್ನೇ ನೋಡಿ. ಅಂದು ತೂಕವಾಗಲಿ ತಾಪಮಾನವಾಗಲಿ ಕಾರಣವಾಗಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಬಂದಿತ್ತು, ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ಮುಂದೆ ನೆಲ ಮುಟ್ಟಿತು. ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಸಲ ಹೇಳಿದ್ದರೂ ಕ್ಯಾಪ್ಟನ್ ಇಳಿಯುವುದನ್ನು ಬಿಡಲಿಲ್ಲವೆಂದು ತನಿಖೆ ಹೇಳಿತು; ಹಾರಾಟದ ಬಹುಭಾಗ ಅವರು ನಿದ್ರೆಯಲ್ಲಿದ್ದು, ಎಚ್ಚರವಾದ ಬಳಿಕದ ಮಂಪರನ್ನೂ ಪೂರಕ ಕಾರಣವಾಗಿ ಗುರುತಿಸಿತು. ದುಬೈಯಿಂದ ಆ ವಿಮಾನ ಹೊರಟದ್ದು ಅಲ್ಲಿಯ ಮಧ್ಯರಾತ್ರಿ ಕಳೆದು ಒಂದು ಗಂಟೆಗೆ. ಆದ್ದರಿಂದ ಬಿಸಿಲು ತಪ್ಪಿಸಲು ಎಲ್ಲವನ್ನೂ ರಾತ್ರಿಗೆ ತಳ್ಳಿ ಎಂದು ನಾನು ಹೇಳಲಾರೆ. ರಾತ್ರಿಯಲ್ಲಿ ಗಾಳಿ ತಂಪಾಗಿರುತ್ತದೆ, ಆದರೆ ಮನುಷ್ಯ ದಣಿದಿರುತ್ತಾನೆ. ರಾತ್ರಿ ಹಾರಿಸುವುದಾದರೆ ಹೆಚ್ಚು ಪೈಲಟ್‌ಗಳನ್ನು ನೇಮಿಸಿ ಸಾಕಷ್ಟು ವಿಶ್ರಾಂತಿ ಕೊಡಬೇಕು. ಹಗಲು ಹಾರಿಸುವುದಾದರೆ ಆಸನ ಮತ್ತು ಲಗೇಜು ಕಡಿಮೆ ಮಾರಬೇಕು. ಎರಡಕ್ಕೂ ಹಣ ಬೇಕು. ಎರಡನ್ನೂ ಮಾಡದೆ ಉಳಿಸಿದ ಹಣದ ಭಾರವೇ ಒಮ್ಮೆ ಪೈಲಟ್‌ನ ಮೇಲೆ, ಒಮ್ಮೆ ಪ್ರಯಾಣಿಕರ ಮೇಲೆ ಬೀಳುತ್ತದೆ.

ಮಳೆಗಾಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇಳಿಯುವ ವಿಮಾನ ಲಭ್ಯ ರನ್‌ವೇಯ ಶೇಕಡಾ 60ರೊಳಗೆ ನಿಲ್ಲುವಂತಿರಬೇಕು ಎಂಬ ನಿಯಮದಂತೆ ನಮ್ಮಲ್ಲಿ ಸಿಗುವುದು 1,470 ಮೀಟರ್. ಒದ್ದೆಯಾಗಿದ್ದರೆ ಇನ್ನೂ ಶೇಕಡಾ 15ರಷ್ಟು ಅಂಚು ಬಿಡಬೇಕಾಗಿರುವುದರಿಂದ ಅದು 1,280 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿಗೋ ಕೊಚ್ಚಿಗೋ ತಿರುಗಿ ಹೋಗಲು ಬೇಕಾದ ಇಂಧನವನ್ನೂ ಹೊತ್ತು ಬರಬೇಕು. ಆಗ ಗಲ್ಫ್‌ನಲ್ಲೇ ಪೆಟ್ಟಿಗೆ ಉಳಿಯುತ್ತದೆ. ಜುಲೈಯಲ್ಲಿ ಮಂಗಳೂರಿನಲ್ಲಿ ಮಳೆ ಬರುತ್ತದೆ ಎಂಬುದನ್ನು ಟಿಕೆಟು ಮಾರುವಾಗಲೇ ಲೆಕ್ಕಕ್ಕೆ ಹಿಡಿಯಬಹುದಲ್ಲ.

ಉತ್ತರ (ಮಂಗಳೂರಿನಿಂದ, ವಕೀಲರು)

ಪ್ರಶ್ನೆ ಕೇಳಿದವರಿಗೆ ಉಪಯೋಗವಾಗುವ ಎರಡು ಮಾತು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ, ವಿಮಾನ ಸಂಸ್ಥೆಗಳ ಹೊಣೆಯನ್ನು ನಿಗದಿಪಡಿಸುವ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ ಅದಕ್ಕೆ 2009ರಲ್ಲಿ ಸೇರಿದೆ. ಲಗೇಜು ತಡವಾಗಿ ಬಂದರೆ, ಅದು ಕೈ ಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಹಾನಿಯಾಗಿದ್ದರೆ 7 ದಿನಗಳೊಳಗೆ. ಲಗೇಜು ಬಾರದಿದ್ದಾಗ ವಿಮಾನ ನಿಲ್ದಾಣದಲ್ಲಿ ಬರೆಸಿಕೊಳ್ಳುವ ಪಿಐಆರ್ ಎಂಬ ವರದಿಯ ಚೀಟಿಯನ್ನು ಜೋಪಾನವಾಗಿಡಿ, ಆದರೆ ಅದೊಂದೇ ಸಾಕೆಂದು ಸುಮ್ಮನಿರಬೇಡಿ. ಸಂಸ್ಥೆಗೆ ಪ್ರತ್ಯೇಕ ಪತ್ರ ಬರೆಯಿರಿ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ) ಆಗಿದೆ. ಅದು ಗರಿಷ್ಠ ಮಿತಿ, ಎಲ್ಲರಿಗೂ ಸಿಗುವ ಮೊತ್ತವಲ್ಲ. ಹೂವು ಬೇಗ ಬಾಡುವ ವಸ್ತುವಾದ್ದರಿಂದ ಅದರ ಬೆಲೆಗೆ ಸಂಸ್ಥೆ ಖಂಡಿತ ತಕರಾರು ಎತ್ತುತ್ತದೆ. ಪೆಟ್ಟಿಗೆ ಇಲ್ಲದ ದಿನಗಳಲ್ಲಿ ಬಟ್ಟೆಬರೆ, ಔಷಧಿಗೆ ಮಾಡಿದ ಖರ್ಚಿನ ರಶೀದಿಗಳೇ ತಮ್ಮ ಗಟ್ಟಿಯಾದ ಆಧಾರ.

ಮುಖ್ಯವಾದದ್ದು ಇದು. ವಿಳಂಬದಿಂದಾಗುವ ನಷ್ಟ ತಪ್ಪಿಸಲು ಸಮಂಜಸವಾಗಿ ಅಗತ್ಯವಿದ್ದ ಎಲ್ಲ ಕ್ರಮಗಳನ್ನೂ ಕೈಗೊಂಡಿದ್ದೆವು, ಅಥವಾ ಕೈಗೊಳ್ಳುವುದು ಅಸಾಧ್ಯವಾಗಿತ್ತು ಎಂದು ಸಾಬೀತುಪಡಿಸಿದರೆ ಮಾತ್ರ ಸಂಸ್ಥೆ ಹೊಣೆಯಿಂದ ಪಾರಾಗಬಹುದು. ಸುರತ್ಕಲ್‌ನ ಹಿರಿಯರು ಕೊಟ್ಟ ಲೆಕ್ಕ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಅಂದಿನ ಗರಿಷ್ಠ ಟೇಕ್‌ಆಫ್ ತೂಕ ಎಷ್ಟಿತ್ತು, ಎಷ್ಟು ಆಸನ ಮಾರಾಟವಾಗಿತ್ತು, ಹೆಚ್ಚುವರಿ ಲಗೇಜಿಗೆ ಎಷ್ಟು ಹಣ ಪಡೆಯಲಾಗಿತ್ತು ಎಂಬ ಮೂರು ಪ್ರಶ್ನೆಗಳನ್ನು ಪತ್ರದಲ್ಲೇ ಕೇಳಿ. ಉತ್ತರ ಬಾರದಿದ್ದರೆ ವಿಮಾನ ಪ್ರಯಾಣಿಕರ ದೂರುಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದಾವೆಗೆ ಎರಡು ವರ್ಷಗಳ ಕಾಲಮಿತಿ.

ಪ್ರಶ್ನೆ ಕೇಳಿದವರು (ಕಟಪಾಡಿಯಿಂದ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಪೆಟ್ಟಿಗೆ ಬಂದ ವಾರದಲ್ಲೇ ಇಮೇಲ್ ಮೂಲಕ ದೂರು ಕೊಟ್ಟಿದ್ದೆ, ಅದರ ಪ್ರತಿ ನನ್ನಲ್ಲಿದೆ. ಬಂದ ಉತ್ತರದಲ್ಲಿ ಹವಾಮಾನ ಎಂಬ ಒಂದು ಪದದ ಹೊರತು ಬೇರೇನೂ ಇಲ್ಲ. ವಕೀಲರು ಸೂಚಿಸಿದ ಮೂರು ಪ್ರಶ್ನೆಗಳನ್ನು ಸೇರಿಸಿ ಈ ವಾರವೇ ಎರಡನೆಯ ಪತ್ರ ಕಳುಹಿಸುತ್ತೇನೆ. ಅದರೊಂದಿಗೆ ಎಪಿಯು ಅಂದು ಕೆಲಸ ಮಾಡುತ್ತಿತ್ತೇ ಎಂಬ ನಾಲ್ಕನೆಯ ಪ್ರಶ್ನೆಯನ್ನೂ ಕೇಳುವವನಿದ್ದೇನೆ, ಏಕೆಂದರೆ ಆ ಕೂಸಿನ ಮುಖ ನನಗೆ ಮರೆಯುತ್ತಿಲ್ಲ. ಅದೇ ವಿಮಾನದಲ್ಲಿದ್ದ ಇತರರು ಇದನ್ನು ಓದುತ್ತಿದ್ದರೆ, ತಮ್ಮ ರಶೀದಿ ಮತ್ತು ಪಿಐಆರ್ ಚೀಟಿಗಳೊಂದಿಗೆ ಇಲ್ಲಿಯೇ ಬರೆಯಿರಿ. ಒಟ್ಟಾಗಿ ದೂರು ಕೊಡೋಣ.