ಧಾರವಾಡದ ಥಂಡಿಗೆ ಕುದುರೆಗೆ ಚಾದರ ಹೊದಿಸಬೇಕಾ? ಬೆಳಗಿನ ಸವಾರಿ ಮಾಡಬಹುದಾ?

ಕೆಲಗೇರಿ ಅಕ್ಕ

ನಮಸ್ಕಾರ ಎಲ್ಲರಿಗೂ. ನಮ್ಮ ಹತ್ತಿರ ಒಂದು ಮಾರವಾಡಿ ಹೆಣ್ಣು ಕುದುರೆ ಇದೆ. ಹೆಸರು ಚಾಂದನಿ, ವಯಸ್ಸು ಏಳು, ತೂಕ ಅಂದಾಜು 350 ಕಿಲೋ. ಮಳೆಗಾಲದಲ್ಲಿ ತಂದದ್ದು, ಹಾಗಾಗಿ ನಮ್ಮ ಮನೆಯಲ್ಲಿ ಇದು ಅದರ ಮೊದಲ ಚಳಿಗಾಲ. ಇಲ್ಲಿಯ ಹವಾ ನಿಮಗೆ ಗೊತ್ತೇ ಇದೆ. ಬೆಳಗಿನ ಜಾವ 13-14 ಡಿಗ್ರಿ, ಮಧ್ಯಾಹ್ನ 29-30. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು.

ನಮ್ಮ ಅತ್ತೆಯವರಿಗೆ ಚಾಂದನಿ ಅಂದರೆ ಜೀವ. ಸಂಜೆ ಆರಾಯಿತು ಅಂದರೆ ಮೈಮೇಲೆ ಸೊಲ್ಲಾಪುರ ಚಾದರ ಹಾಕಿ, ಹೊಟ್ಟೆ ಕೆಳಗೆ ಹಗ್ಗ ಕಟ್ಟಿ, ಲಾಯದ ಮೂರೂ ಕಡೆ ತಾಡಪತ್ರಿ ಇಳಿಬಿಡುತ್ತಾರೆ. ಮೇಲೆ ಸೊಳ್ಳೆಗೆ ಅಂತ ಬೇವಿನ ಸೊಪ್ಪಿನ ಹೊಗೆ. ಪೂರಾ ಬಾಣಂತಿ ಕೋಣೆ ಆಗಿದೆ. ಬೆಳಿಗ್ಗೆ ಚಾದರ ತೆಗೆದರೆ ಒಳಗೆ ಮೈ ಹಸಿ ಹಸಿ. ನಾನು ಬೇಡ ಅಂದರೆ "ನಿನಗೆ ಸ್ವೆಟರ್ ಬೇಕು, ಆ ಮೂಕಪ್ರಾಣಿಗೆ ಬ್ಯಾಡೇನು?" ಅಂತಾರೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆಫೀಸಿಗೆ ಹೋಗಬೇಕಲ್ಲ, ಅದಕ್ಕೆ ನನ್ನ ಸವಾರಿ ಬೆಳಿಗ್ಗೆ ಆರಕ್ಕೆ. ಇತ್ತೀಚೆಗೆ ಜೀನಿನ ಪಟ್ಟಿ ಬಿಗಿಯುತ್ತಿದ್ದ ಹಾಗೆ ಚಾಂದನಿ ಬೆನ್ನು ಗೂನು ಮಾಡುತ್ತದೆ. ಹತ್ತಿದ ಮೇಲೆ ಸ್ವಲ್ಪ ಹೊತ್ತು ಕುಣಿತ, ಆಮೇಲೆ ಸರಿ ಹೋಗುತ್ತದೆ. ನೀರು ಕುಡಿಯುವುದೂ ಕಡಿಮೆ ಆಗಿದೆ. ಲದ್ದಿ ಸಣ್ಣ ಸಣ್ಣ ಗಟ್ಟಿ ಉಂಡೆ. ಮೈ ಕೂದಲು ಉದ್ದ ಬಂದಿದೆ.

ಇಂಗ್ಲಿಷ್ ಸೈಟುಗಳನ್ನು ನೋಡಿದರೆ 200 ಗ್ರಾಂ ರಗ್ಗು, 300 ಗ್ರಾಂ ರಗ್ಗು (ಕುದುರೆಗೆ ಹೊದಿಸುವ ದಪ್ಪ ಹೊದಿಕೆ, ಗ್ರಾಂ ಅಂದರೆ ಒಂದು ಚದರ ಮೀಟರಿಗೆ ಒಳಗೆ ತುಂಬಿದ ಪದರದ ತೂಕ), ಮಷಿನ್ ಹಿಡಿದು ಮೈ ಕೂದಲು ಬೋಳಿಸುವುದು ಅಂತೆಲ್ಲ ಇದೆ. ನಮಗೆ ಇದರಲ್ಲಿ ಯಾವುದು ಬೇಕು? ಕುದುರೆ ಸಾಕಿದವರು ದಯವಿಟ್ಟು ಹೇಳಿ.

ಹಾನಗಲ್ ಫೌಜಿ

ತಂಗಿ, ಮೊದಲು ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಪ್ರೀತಿ ಇರುವ ಮನೆಯಲ್ಲಿ ಕುದುರೆ ಕೆಡುವುದಿಲ್ಲ. ಆದರೆ ಆ ಚಾದರ ಇವತ್ತೇ ತೆಗೆದಿಡಿ.

ನಾನು ಫೌಜಿನಲ್ಲಿ ಹೇಸರಗತ್ತೆ, ಕುದುರೆಗಳ ಜೊತೆಗೇ ಕೆಲಸ ಮಾಡಿದವನು. ಕಾರ್ಗಿಲ್, ಲೇಹ್ ಕಡೆ ಚಳಿಗಾಲ ಕಳೆದಿದ್ದೇನೆ. ಅಲ್ಲಿ ಸೊನ್ನೆಗಿಂತ 15-20 ಡಿಗ್ರಿ ಕೆಳಗೆ ಹೋಗುತ್ತದೆ. ಅಲ್ಲಿಯ ಝಂಸ್ಕಾರಿ ತಟ್ಟುಗಳು ಬಯಲಲ್ಲೇ ನಿಂತಿರುತ್ತಿದ್ದವು. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಕೂತಿರುತ್ತಿತ್ತು. ಹೊಸಬರು ಅದನ್ನು ನೋಡಿ ಅಯ್ಯೋ ಪಾಪ ಅನ್ನುತ್ತಿದ್ದರು. ಹಿಮ ಕರಗಿಲ್ಲ ಅಂದರೆ ಮೈಯ ಬಿಸಿ ಹೊರಗೆ ಸೋರುತ್ತಿಲ್ಲ ಅಂತ ತಾನೇ? ಕೂದಲು ನಿಮಿರಿ ನಿಲ್ಲುತ್ತದೆ, ನಡುವೆ ಗಾಳಿ ತುಂಬಿಕೊಳ್ಳುತ್ತದೆ, ಆ ಗಾಳಿಯೇ ಅದರ ಹೊದಿಕೆ. ನೀವು ಮೇಲೆ ಚಾದರ ಹಾಕಿ ಹಗ್ಗ ಬಿಗಿದರೆ ಕೂದಲು ಮಲಗಿಬಿಡುತ್ತದೆ. ದೇವರು ಕೊಟ್ಟದ್ದನ್ನು ತೆಗೆದು ಅಂಗಡಿಯದ್ದು ಹಾಕಿದ ಹಾಗಾಯಿತು. ಅದರಲ್ಲೂ ಸೊಲ್ಲಾಪುರದ್ದು ಹತ್ತಿ. ಬೆವರು ಕುಡಿಯುತ್ತದೆ, ಒಣಗುವುದಿಲ್ಲ. ಹಸಿ ಬಟ್ಟೆ ಮೈಮೇಲೆ ಇದ್ದರೆ ಚಾದರ ಇಲ್ಲದ ಕುದುರೆಗಿಂತ ಜಾಸ್ತಿ ಥಂಡಿ ಆಗುತ್ತದೆ.

ಆರೋಗ್ಯವಾಗಿರುವ ದೊಡ್ಡ ಕುದುರೆಗೆ ಸುಮಾರು 5 ಡಿಗ್ರಿ ತನಕ ಚಳಿಗೆ ಅಂತ ಬೇರೆ ವ್ಯವಸ್ಥೆ ಬೇಡ. ನಮ್ಮ ಧಾರವಾಡ, ಹಾವೇರಿಯ 13 ಡಿಗ್ರಿ ನಮಗೆ ಥಂಡಿ, ಅದಕ್ಕೆ ಹಿತ. ಮೇಲಾಗಿ ನಿಮ್ಮದು ಮಾರವಾಡಿ. ಜೋಧಪುರ ಕಡೆಯ ಜನವರಿ ರಾತ್ರಿ ನಮ್ಮದಕ್ಕಿಂತ ಜಾಸ್ತಿ ಥಂಡಿ. ಅಲ್ಲಿಯ ರಕ್ತ ಅದು. ಆ 300 ಗ್ರಾಂ ರಗ್ಗು ಇಂಗ್ಲೆಂಡು, ಕೆನಡಾದವರಿಗೆ. ಅವರು ಮೊದಲು ಕೂದಲು ಬೋಳಿಸುತ್ತಾರೆ, ಬೋಳಿಸಿದ್ದಕ್ಕೆ ರಗ್ಗು ಹೊದಿಸುತ್ತಾರೆ. ನಮಗೆ ಎರಡೂ ಬೇಡ. ಕೂದಲು ಉದ್ದ ಬಂದದ್ದೂ ಬರೀ ಚಳಿಗೆ ಅಲ್ಲ. ಹಗಲು ಸಣ್ಣದಾಗುವುದನ್ನು ಕಣ್ಣು ನೋಡುತ್ತದೆ, ಮೈ ಕೂದಲು ಬೆಳೆಸುತ್ತದೆ. ಸಂಕ್ರಮಣ ಕಳೆದ ಮೇಲೆ ಹಗಲು ಬೆಳೆದ ಹಾಗೆ ತಾನೇ ಉದುರುತ್ತದೆ.

ತಾಡಪತ್ರಿ ಪೂರ್ವಕ್ಕೆ ಮಾತ್ರ ಇರಲಿ, ಮೂಡಗಾಳಿ ಅಲ್ಲಿಂದ ಬರುತ್ತದೆ. ಉಳಿದೆರಡು ಕಡೆ ಎತ್ತಿಬಿಡಿ. ರಾತ್ರಿ ಒಮ್ಮೆ ಲಾಯದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಮಲಗಿದ ಕುದುರೆಯ ಮೂಗು ಅಷ್ಟೇ ಎತ್ತರದಲ್ಲಿ ಇರುವುದು. ಗಂಜಳದ ಘಾಟಿಗೆ ನಿಮ್ಮ ಕಣ್ಣು ಉರಿದರೆ ಅದರ ಎದೆಗೆ ಏನಾಗಬೇಡ? ಹೊಗೆಯಂತೂ ಬೇಡವೇ ಬೇಡ.

ನನಗೆ ಚಿಂತೆ ಆದದ್ದು ನೀರಿನ ಮಾತು. ಮಳೆಗಾಲದಲ್ಲಿ ಹಸಿ ಹುಲ್ಲು ತಿನ್ನುತ್ತಿತ್ತು, ಅದರಲ್ಲಿ ಮುಕ್ಕಾಲು ಪಾಲು ನೀರೇ. ಈಗ ಒಣ ಹುಲ್ಲು, ಕಣಿಕೆ. ಅದರಲ್ಲಿ ನೀರಿನ ಅಂಶ ನೂರಕ್ಕೆ ಹತ್ತು. ಅಂದರೆ ಈಗ ಜಾಸ್ತಿ ಕುಡಿಯಬೇಕು. ಆದರೆ ಥಂಡಿ ನೀರು ಅಂತ ಕಡಿಮೆ ಕುಡಿಯುತ್ತದೆ. ಒಣ ಮೇವು ಕರುಳಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ ಬರುವುದು ಹೀಗೇ. ನಿಮ್ಮ ಕುದುರೆಗೆ ದಿನಕ್ಕೆ ಕಡಿಮೆ ಅಂದರೂ 20-25 ಲೀಟರ್ ಹೋಗಬೇಕು. ರಾತ್ರಿಯ ತೊಟ್ಟಿ ನೀರು ಬೆಳಿಗ್ಗೆ ಕೊಡಬೇಡಿ. ಬೋರ್ ಚಾಲೂ ಮಾಡಿ ಆಗ ಬಂದ ನೀರು ಹಿಡಿಯಿರಿ, ಅದು ಬೆಚ್ಚಗೇ ಇರುತ್ತದೆ. ದಿನಕ್ಕೆ 25-30 ಗ್ರಾಂ ಉಪ್ಪು ದಾಣಿಯಲ್ಲಿ ಕಲಸಿ. ಹುರುಳಿಯನ್ನು ಬೇಯಿಸಿ ಕೊಡಿ, ಬೆಂದ ನೀರನ್ನೂ ಚೆಲ್ಲದೆ ಬೂಸಾಕ್ಕೆ ಸೇರಿಸಿ.

ಥಂಡಿ ಬಿತ್ತು ಅಂತ ಹುರುಳಿ ಜಾಸ್ತಿ ಮಾಡುವವರಿದ್ದಾರೆ. ಮೈ ಬಿಸಿ ಇಡುವುದು ಹುರುಳಿಗಿಂತ ಹುಲ್ಲು. ದೊಡ್ಡ ಕರುಳಿನಲ್ಲಿ ನಾರು ಕೊಳೆಯುವಾಗ ಬಿಸಿ ಹುಟ್ಟುತ್ತದೆ, ರಾತ್ರಿ ಪೂರಾ ಹುಟ್ಟುತ್ತಲೇ ಇರುತ್ತದೆ. 350 ಕಿಲೋ ಕುದುರೆಗೆ ದಿನಕ್ಕೆ 5ರಿಂದ 7 ಕಿಲೋ ಒಣ ಮೇವು. ದೊಡ್ಡ ಪಾಲು ಸಂಜೆ ಹಾಕಿ. ಚಾದರದ ಕೆಲಸ ಅದೇ ಮಾಡುತ್ತದೆ.

ಇನ್ನು ಸವಾರಿ. ಜೀನನ್ನು ಮನೆಯೊಳಗೆ ಇಡಿ. ಪಟ್ಟಿಯನ್ನು ಒಂದೇ ಸಲ ಬಿಗಿಯಬೇಡಿ. ಸ್ವಲ್ಪ ಬಿಗಿದು ಕೈಯಲ್ಲಿ ಹಿಡಿದು ನಡೆಸಿ, ಮತ್ತೆ ಸ್ವಲ್ಪ ಬಿಗಿಯಿರಿ, ಹತ್ತುವ ಮುಂಚೆ ಕೊನೆಯ ರಂಧ್ರ. ಲಗಾಮಿನ ಕಬ್ಬಿಣವನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ ಬಾಯಿಗೆ ಹಾಕಿ. ಲೇಹ್‌ನಲ್ಲಿ ಅದನ್ನು ಕೋಟಿನೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೆವು, ಇಲ್ಲವಾದರೆ ನಾಲಿಗೆಯ ಚರ್ಮ ಕಿತ್ತು ಬರುತ್ತದೆ. ಇಲ್ಲಿ ಹಾಗೇನೂ ಆಗುವುದಿಲ್ಲ, ಆದರೂ ಬೆಳಿಗ್ಗೆ ಬೆಳಿಗ್ಗೆ ತಣ್ಣನೆ ಕಬ್ಬಿಣ ಯಾರಿಗೆ ಬೇಕು? ಹತ್ತಿದ ಮೇಲೆ ಕಾಲು ಗಂಟೆ ಬರೀ ನಡಿಗೆ, ಆಮೇಲೆ ಕುಕ್ಕುಲೋಟ. ಇಷ್ಟು ಮಾಡಿಯೂ ಗೂನು ಹೋಗಲಿಲ್ಲ ಅಂದರೆ ಅದು ಚಳಿಯಲ್ಲ, ಬಹುಶಃ ಜೀನು ಕೂಡುತ್ತಿಲ್ಲ. ಚಳಿಗಾಲದ ಕೂದಲಿನಲ್ಲಿ ಬೆವರು ಒಣಗಿ ಗಂಟು ಕಟ್ಟುತ್ತದೆ. ಪಟ್ಟಿ ಬರುವ ಜಾಗದಲ್ಲಿ ಬೆರಳಾಡಿಸಿ ನೋಡಿ, ಉಪ್ಪು ಉಪ್ಪಾಗಿ ಸಿಕ್ಕರೆ ಬ್ರಷ್ ಹಾಕಿ.

ವಾಪಸ್ ಬರುವಾಗ ಕೊನೆಯ ಒಂದು ಕಿಲೋಮೀಟರ್ ನಡೆಸಿಕೊಂಡೇ ಬನ್ನಿ. ಜೀನು ತೆಗೆದ ಮೇಲೆ ಹುಲ್ಲಿನ ಹಿಡಿ ತಗೊಂಡು ಕೂದಲಿಗೆ ಎದುರಾಗಿ ತಿಕ್ಕಿ. ಮುಂಗಾಲುಗಳ ನಡುವೆ, ಎದೆಯಲ್ಲಿ, ಜೀನಿನ ಜಾಗದಲ್ಲಿ ಕೈ ಇಟ್ಟು ನೋಡಿ. ಒಣಗುವ ತನಕ ಗಾಳಿಗೆ ಕಟ್ಟಬೇಡಿ.

ಹಳೇ ಹುಬ್ಬಳ್ಳಿ ಟಾಂಗಾ

ಫೌಜಿ ಕಾಕಾ ಹೇಳಿದ್ದು ಬಹುತೇಕ ಒಪ್ಪಿದೆ. ಆದರೆ ಹೊದಿಕೆ ಬೇಡವೇ ಬೇಡ ಅನ್ನುವುದನ್ನು ಒಪ್ಪಲ್ಲ. ನಮ್ಮ ಅಜ್ಜ ಟಾಂಗಾ ಹೊಡೆಯುತ್ತಿದ್ದರು. ಈಗ ನಮ್ಮದು ಮದುವೆ ಮೆರವಣಿಗೆ ಕುದುರೆ. ರಾತ್ರಿ ಒಂಬತ್ತಕ್ಕೆ ಡಿಜೆ ಮುಂದೆ ಕುಣಿಸುತ್ತಾರೆ, ಜರಿಯ ಜೂಲು ಮೈತುಂಬ, ಒಳಗೆ ಬೆವರೋ ಬೆವರು. ಆಮೇಲೆ ಮಂಟಪದ ಹೊರಗೆ ಗಾಳಿಯಲ್ಲಿ ನಿಲ್ಲಬೇಕು. ಆಗ ಏನು ಮಾಡುವುದು? ನಾವು ಕುರುಬರ ಕರಿ ಕಂಬಳಿ ಹಾಕುತ್ತೇವೆ. ಉಣ್ಣೆ ಬೆವರನ್ನು ಎಳೆದು ಮೇಲಕ್ಕೆ ತರುತ್ತದೆ. ಮೈ ಒಣಗಿರುತ್ತದೆ, ಕಂಬಳಿಯ ಮೇಲೆ ಕೈ ಆಡಿಸಿದರೆ ಹನಿ ಹನಿ ಸಿಗುತ್ತದೆ. ಅರ್ಧ ಗಂಟೆ ಬಿಟ್ಟು ತೆಗೆದುಬಿಡುತ್ತೇವೆ. ಹೊಸ ಕಂಬಳಿ ಬೇಡ, ಅದಕ್ಕೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಬಿರುಸು. ಎರಡು ಸಲ ಒಗೆದು ಮೆತ್ತಗಾದ ಹಳೆಯದೇ ಒಳ್ಳೆಯದು.

ಇನ್ನೊಂದು ವಿಷಯ. ಧನುರ್ಮಾಸದಲ್ಲಿ ಮದುವೆ ಇರಲ್ಲ, ಕುದುರೆಗೆ ರಜೆ. ಆಗ ದಾಣಿ ಅಷ್ಟೇ ಹಾಕುತ್ತಾ ಕಟ್ಟಿಹಾಕಿ, ಸಂಕ್ರಮಣ ಆದ ಮೇಲೆ ಒಮ್ಮೆಲೇ ಕೆಲಸಕ್ಕೆ ಎಳೆದರೆ ಹಿಂಗಾಲು ಬಿಗಿದುಕೊಂಡು ನಡುರಸ್ತೆಯಲ್ಲೇ ನಿಂತುಬಿಡುತ್ತದೆ. ಅಕ್ಕಾರ, ನೀವೂ ವಾರಪೂರ್ತಿ ಬಿಟ್ಟು ಭಾನುವಾರ ಮಾತ್ರ ಓಡಿಸುವವರಾದರೆ, ಬಿಡುವಿನ ದಿನ ಹುರುಳಿ ಅರ್ಧ ಮಾಡಿ.

ಗದಗ ಪಶುವೈದ್ಯ

ಟಾಂಗಾ ಅಣ್ಣ ಹೇಳಿದ್ದು ನಿಜವಾದ ಕಾಯಿಲೆ. ಹಾಗೆ ಬಿಗಿದುಕೊಂಡರೆ ನಡೆಸಿ ಸರಿ ಮಾಡೋಣ ಅಂತ ಹೋಗಬೇಡಿ. ಇದ್ದಲ್ಲೇ ನಿಲ್ಲಿಸಿ ಡಾಕ್ಟರನ್ನು ಕರೆಸಿ. ಗಂಜಳ ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತಿದೆ ಅಂತ ಅರ್ಥ.

ಗಟ್ಟಿ ಲದ್ದಿಯ ವಿಷಯಕ್ಕೆ ಎರಡು ಮಾತು. ಮೇವು ಬಿಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಮಲಗಿ ಹೊರಳುವುದು, ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಡಾಕ್ಟರಿಗೆ ಫೋನು ಮಾಡುವ ಮುಂಚೆ ಜ್ವರ ಮತ್ತು ನಾಡಿ ನೋಡಿಡಿ. ಆರಾಮಾಗಿ ನಿಂತ ಕುದುರೆಗೆ ಮೈ ಬಿಸಿ 37.5ರಿಂದ 38.5 ಡಿಗ್ರಿ, ನಾಡಿ ನಿಮಿಷಕ್ಕೆ 28ರಿಂದ 44. ನಾಡಿ 60 ದಾಟಿದರೆ ಅದನ್ನೇ ಮೊದಲು ಹೇಳಿ.

ದಯವಿಟ್ಟು ಗೊಟ್ಟದಲ್ಲಿ ಎಣ್ಣೆ ಹಾಕಬೇಡಿ. ನಮ್ಮ ಕಡೆ ಎತ್ತಿಗೆ ಮಾಡಿದ ಹಾಗೆ ಕುದುರೆಗೂ ತಲೆ ಎತ್ತಿ ಹಿಡಿದು ಸುರಿಯುತ್ತಾರೆ. ಅದು ಶ್ವಾಸಕೋಶಕ್ಕೆ ಹೋದರೆ ಹೊಟ್ಟೆನೋವಿಗೆ ಬದುಕುತ್ತಿದ್ದ ಕುದುರೆ ನ್ಯುಮೋನಿಯಾಕ್ಕೆ ಸಾಯುತ್ತದೆ. ಕುದುರೆಗೆ ವಾಂತಿಯೂ ಬರುವುದಿಲ್ಲ. ನಾವು ಮೂಗಿನಿಂದ ನಳಿಗೆ ಇಳಿಸಿ ಕೊಡುವುದು ಅದಕ್ಕೇ.

ಶೇಂಗಾ ಹೊಟ್ಟು ಹಾಕುತ್ತಿದ್ದರೆ ಮೂಸಿ ನೋಡಿ ಹಾಕಿ. ಮಳೆಗೆ ಸಿಕ್ಕು ಬೂಸ್ಟು ಬಂದದ್ದು ದನಕ್ಕೂ ಬೇಡ, ಕುದುರೆಗಂತೂ ವಿಷ. ಧನುರ್ವಾಯು ಚುಚ್ಚುಮದ್ದು ಹಾಕಿಸಿದ್ದೀರಾ? ನಾಲಿನ (ಲಾಳದ) ಮೊಳೆ ಒಂದು ಚುಚ್ಚಿದರೂ ಸಾಕು, ಕುದುರೆಗೆ ಆ ರೋಗ ಬಹಳ ಬೇಗ ಹತ್ತುತ್ತದೆ.

ಲಕ್ಷ್ಮೇಶ್ವರ ಕುರಿಗಾರ

ನಮ್ಮ ತಟ್ಟು ಎರೆ ಹೊಲದಲ್ಲಿ ಕುರಿ ಹಿಂಡಿನ ಜೊತೆಗೇ ಇರುತ್ತದೆ. ಕಂಬಳಿ ನಮಗೆ, ಅದಕ್ಕೆ ಬರೀ ಆಕಾಶ. ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ, ಬೆಳಿಗ್ಗೆ ಪಾತ್ರೆ, ಕುರಿಮರಿ ಹೇರಿದರೆ ನಡೆಯುತ್ತದೆ. ಇಷ್ಟೆಲ್ಲ ಓದಿ ನನಗೆ ನಗು ಬಂತು, ಸಿಟ್ಟಾಗಬೇಡಿ.

ಒಂದು ಮಾತ್ರ ಹೇಳುತ್ತೇನೆ. ಚಳಿಗಾಲದ ಕೂದಲು ಮೋಸ ಮಾಡುತ್ತದೆ. ದೂರದಿಂದ ದುಂಡಗೆ ಕಾಣುತ್ತದೆ, ಒಳಗೆ ಬಡಕಲಾಗಿರುತ್ತದೆ. ವಾರಕ್ಕೊಮ್ಮೆ ಕೈಯಿಂದ ಪಕ್ಕೆಲುಬು ಒತ್ತಿ ನೋಡಿ. ಮುಟ್ಟಿದರೆ ಸಿಗಬೇಕು, ಆದರೆ ಎಲುಬಿನ ಮಧ್ಯೆ ಬೆರಳು ಇಳಿಯಬಾರದು. ನಮ್ಮದಕ್ಕೆ ಹುಲ್ಲು ಮುಗಿದ ಮೇಲೆ, ಅಂದರೆ ಫೆಬ್ರವರಿ ಹೊತ್ತಿಗೆ, ಹೀಗಾಗುತ್ತದೆ. ಮುದಿ ತಟ್ಟು, ಹಲ್ಲು ಸವೆದದ್ದು ಇದ್ದರೆ ಇನ್ನೂ ಬೇಗ.

ಕೆಲಗೇರಿ ಅಕ್ಕ

ಎಲ್ಲರಿಗೂ ಧನ್ಯವಾದ. ಕಾಕಾ, ನಿಮ್ಮ ಹಿಮದ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. "ಹಂಗಂದ್ರ ಕಾರ್ಗಿಲ್‌ದಾಗ ಅತ್ತೆದೇರು ಇರಲಿಲ್ಲ" ಅಂದರು. ಆದರೂ ಚಾದರ ತೆಗೆದಿದ್ದಾರೆ, ತಾಡಪತ್ರಿಗೆ ಇನ್ನೂ ಮಾತುಕತೆ ನಡೆದಿದೆ. ಬೋರ್ ನೀರು ಇವತ್ತು ಇಟ್ಟೆ, ಒಂದೇ ಉಸಿರಿಗೆ ಅರ್ಧ ಬಕೆಟ್ ಮುಗಿಸಿತು. ಚುಚ್ಚುಮದ್ದು ಆಗಿಲ್ಲ ಡಾಕ್ಟರೇ, ಈ ವಾರ ಹಾಕಿಸುತ್ತೇನೆ.

ಇನ್ನೊಂದೇ ಪ್ರಶ್ನೆ. ಆರು ಗಂಟೆ ಸವಾರಿ ಬಿಟ್ಟು ಸಂಜೆಗೆ ಹಾಕಿಕೊಳ್ಳಲಾ? ನಾನು ಹೋಗುವುದು ಹಳಿಯಾಳ ರಸ್ತೆ ಕಡೆ.

ಹಾನಗಲ್ ಫೌಜಿ

ಕುದುರೆಗೆ ಆರು ಗಂಟೆಯೇ ಆಗಬಹುದು, ಚಳಿಯಿಂದ ಏನೂ ತೊಂದರೆ ಇಲ್ಲ. ಸಂಜೆ ಮಾಡಿದರೆ ಐದರೊಳಗೆ ಮುಗಿಸಿ, ಬಿಸಿಲಿರುವಾಗಲೇ ಮೈ ಒಣಗಬೇಕು. ಕತ್ತಲಾದ ಮೇಲೆ ಬೆವರಿದ್ದು ಈ ಉದ್ದ ಕೂದಲಲ್ಲಿ ಬೇಗ ಆರುವುದಿಲ್ಲ. ಟಾಂಗಾ ತಮ್ಮ ಹೇಳಿದ ಕಂಬಳಿ ಅಂಥ ಹೊತ್ತಿಗೆ ಸರಿ, ಅದನ್ನು ಒಪ್ಪಿದೆ.

ಆದರೆ ಹಳಿಯಾಳ ರಸ್ತೆ ಅಂದಿರಲ್ಲ, ಅದನ್ನು ಬೆಳಗಿನ ಕತ್ತಲಲ್ಲಿ ಬಿಡಿ. ಈಗ ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರು, ಹಿಂದೆ ದೀಪ ಇಲ್ಲ, ಮುಂದೆ ಹಾಡು ಜೋರು. ಮಂಜು ಬಿದ್ದರೆ ಡಾಂಬರಿನ ಮೇಲೆ ನಾಲು ಜಾರುತ್ತದೆ. ಹೊಲದ ಬದಿಯ ಗಾಡಿದಾರಿ ಹಿಡಿಯಿರಿ. ಎರೆ ಹೊಲದೊಳಗೆ ಮಾತ್ರ ಓಡಿಸಬೇಡಿ, ಬಿರುಕು ಬಿಟ್ಟಿರುತ್ತದೆ, ಕಾಲು ಸಿಕ್ಕರೆ ಮುರಿದೇ ಹೋಯಿತು.

ಹಳೇ ಹುಬ್ಬಳ್ಳಿ ಟಾಂಗಾ

ಅಕ್ಕಾರ, ನಾಲು ಹಾಕಿಸಿ ಆರು ವಾರ ದಾಟಿದ್ದರೆ ಹೇಳಿ. ನಮ್ಮ ನಾಲಬಂದ ಚಾಚಾ ಧಾರವಾಡಕ್ಕೂ ಬರುತ್ತಾರೆ. ಮದುವೆ ಸೀಜನ್ ಶುರುವಾದರೆ ಸಿಗುವುದಿಲ್ಲ, ಈಗಲೇ ಹೇಳಿಡುತ್ತೇನೆ.