ಡಲ್ಲಾಸ್‌ನಿಂದ ಮ್ಯೂನಿಕ್‌ಗೆ: ಬಟ್ಟೆಗಳನ್ನು ಒಯ್ಯಬೇಕೇ, ಅಲ್ಲೇ ಕೊಳ್ಳಬೇಕೇ?

ಪ್ರಶ್ನೆ: ನಮಸ್ಕಾರ. ಪತಿಯ ಕೆಲಸದ ನಿಮಿತ್ತ ನವೆಂಬರ್‌ನಲ್ಲಿ ನಾವು ಡಲ್ಲಾಸ್ ಬಿಟ್ಟು ಮ್ಯೂನಿಕ್‌ಗೆ ಹೋಗುತ್ತಿದ್ದೇವೆ. ಎಂಟು ವರ್ಷ ಲೆಗಿಂಗ್ಸ್, ಸ್ವೆಟ್‌ಶರ್ಟ್, ಸ್ನೀಕರ್‌ಗಳಲ್ಲೇ ಕಳೆದ ನನಗೆ ಅಲ್ಲಿನ ದಿನನಿತ್ಯದ ಉಡುಪಿನ ರೀತಿ ತಿಳಿಯದು. ಇರುವುದನ್ನು ಒಯ್ಯಲೇ, ಯಾರಿಗಾದರೂ ಕೊಟ್ಟು ಹೊರಡಲೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಮ್ಯೂನಿಕ್ ನಿವಾಸಿ: ಎಲ್ಲವನ್ನೂ ಹೊತ್ತು ತಂದು ಕೈಸುಟ್ಟುಕೊಂಡವಳು ನಾನು. ಎರಡು ಹೆಚ್ಚುವರಿ ಪೆಟ್ಟಿಗೆಗಳಿಗೆ 400 ಡಾಲರ್ ತೆತ್ತೆ. ಅವುಗಳಲ್ಲಿ ಒಂಬತ್ತು ದಪ್ಪ ಸ್ವೆಟ್‌ಶರ್ಟ್‌ಗಳಿದ್ದವು. ಅಮೆರಿಕದಲ್ಲಿ ಡ್ರೈಯರ್‌ನಿಂದ ಬಿಸಿಬಿಸಿಯಾಗಿ ತೆಗೆದು ಮಡಚುತ್ತಿದ್ದ ಅದೇ ಬಟ್ಟೆಯನ್ನು ಇಲ್ಲಿನ ಬಾಡಿಗೆ ಮನೆಯಲ್ಲಿ ಸ್ಟ್ಯಾಂಡಿನ ಮೇಲೆ ಹರಡಿದರೆ, ಮೂರನೆಯ ದಿನವೂ ಜೇಬಿನ ಅಂಚು ಕೈಗೆ ತಣ್ಣಗೆ ತಾಗುತ್ತಿತ್ತು. ಬೂಟಿನ ಕಥೆ ಇನ್ನೂ ಕೆಟ್ಟದ್ದು. ಅಂಗಡಿಯಲ್ಲಿ 139 ಯೂರೊ ಕೊಟ್ಟು ಕೊಂಡ ಜೋಡಿ ಹೆಬ್ಬೆರಳನ್ನು ಒತ್ತುತ್ತದೆಂದು ಮರುದಿನ ಹಿಂದಿರುಗಿಸಲು ಹೋದಾಗ, ದೋಷವಿಲ್ಲದ ಮಾಲನ್ನು ವಾಪಸು ಪಡೆಯಬೇಕೆಂಬ ಕಾನೂನಿಲ್ಲವೆಂದು ಹೇಳಿ ಕಳುಹಿಸಿದರು. ಆನ್‌ಲೈನ್‌ನಲ್ಲಿ ತರಿಸಿದ್ದರೆ 14 ದಿನಗಳ ಅವಕಾಶವಾದರೂ ಇರುತ್ತಿತ್ತು.

ಪ್ಯಾರಿಸ್ ಗೃಹಿಣಿ: ನಾನು ಬಾಸ್ಟನ್‌ನಲ್ಲೇ ಎಲ್ಲವನ್ನೂ ಕೊಟ್ಟು ಒಂದೇ ಸೂಟ್‌ಕೇಸಿನೊಂದಿಗೆ ಬಂದೆ, ಅದಕ್ಕಾಗಿ ಒಂದು ದಿನವೂ ಪರಿತಪಿಸಿಲ್ಲ. ಇಲ್ಲಿನ ದೊಡ್ಡ ಸೇಲ್ ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ, ಸರ್ಕಾರ ಗೊತ್ತುಪಡಿಸಿದ ನಾಲ್ಕು ವಾರ ಮಾತ್ರ ನಡೆಯುತ್ತದೆ. ಜನವರಿಯವರೆಗೆ ಕಾದು 180 ಯೂರೊಗೆ ಕೊಂಡ ಕಪ್ಪು ಉಣ್ಣೆಯ ಕೋಟಿನಲ್ಲಿ ಏಳನೆಯ ಚಳಿಗಾಲ ಸಾಗುತ್ತಿದೆ. ಎಡವಿದ್ದು ಅಳತೆಯಲ್ಲಿ ಮಾತ್ರ. ಅಮೆರಿಕದ 8 ಎಂದರೆ ಹೆಚ್ಚುಕಡಿಮೆ ಜರ್ಮನಿಯ 38, ಫ್ರಾನ್ಸಿನ 40, ಇಟಲಿಯ 44. ಇದನ್ನರಿಯದೆ ಇಟಲಿಯ 40ರ ಪ್ಯಾಂಟು ತರಿಸಿ, ಅದು ತೊಡೆಯಿಂದ ಮೇಲೇರದೆ ಅತ್ತಿದ್ದೇನೆ. ಸ್ವೆಟ್‌ಶರ್ಟಿನಲ್ಲೇ ಬ್ರೆಡ್ ತರಲು ಹೊರಡುವ ಅಭ್ಯಾಸವನ್ನಂತೂ ಅಟ್ಲಾಂಟಿಕ್‌ನ ಆಚೆಯೇ ಬಿಟ್ಟು ಬನ್ನಿ.

ನ್ಯೂಜೆರ್ಸಿಯವನು: ಕೊನೆಯ ವಾಕ್ಯ ಅನಗತ್ಯವಾಗಿತ್ತು ಮೇಡಂ. ನಾನೂ ಎರಡು ವರ್ಷ ಫ್ರಾಂಕ್‌ಫರ್ಟ್‌ನಲ್ಲಿದ್ದು ಮರಳಿದವನು. ಇಳಿದದ್ದು ಭಾನುವಾರ, ಪೆಟ್ಟಿಗೆ ಬಂದಿರಲಿಲ್ಲ, ಊರಿನ ಬಟ್ಟೆ ಅಂಗಡಿಗಳೆಲ್ಲ ಮುಚ್ಚಿದ್ದವು. ತೊಟ್ಟ ಅಂಗಿಯನ್ನೇ ಹೋಟೆಲಿನ ಸಿಂಕಿನಲ್ಲಿ ಒಗೆದು, ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿಕೊಂಡು ಸೋಮವಾರ ಕಚೇರಿಗೆ ಹೋದೆ. ನಮ್ಮಲ್ಲಿ ಬಟ್ಟೆಗೆ ಮಾರಾಟ ತೆರಿಗೆಯೇ ಇಲ್ಲ. ಜರ್ಮನಿಯಲ್ಲಿ ಅಂಗಿಯ ಬೆಲೆಯೊಳಗೆ ಶೇಕಡಾ 19 ತೆರಿಗೆ ಸೇರಿರುತ್ತದೆ. ಅಮೆರಿಕದ ಉಡುಪನ್ನು ಹೀಯಾಳಿಸುವವರು ಜೀನ್ಸನ್ನೂ ಬಿಟ್ಟುಬಿಡುವರೇ?

ಪ್ಯಾರಿಸ್ ಗೃಹಿಣಿ: ಜೀನ್ಸ್ ಕುರಿತು ನಾನು ಒಂದಕ್ಷರವನ್ನೂ ಬರೆದಿಲ್ಲ. ಆದರೂ ಕೇಳಿದ್ದರಿಂದ ಹೇಳುತ್ತೇನೆ: ಡೆನಿಮ್ ಎಂಬ ಹೆಸರು ಫ್ರಾನ್ಸಿನ ನೀಮ್ ಊರಿನಿಂದ ಬಂದದ್ದು.

ನ್ಯೂಜೆರ್ಸಿಯವನು: ಹೆಸರು ಎಲ್ಲಿಂದಲಾದರೂ ಬರಲಿ, ಜೇಬಿಗೆ ರಿವೆಟ್ ಹೊಡೆದು 1873ರಲ್ಲಿ ಪೇಟೆಂಟ್ ಪಡೆದದ್ದು ಅಮೆರಿಕದಲ್ಲಿ.

ಮ್ಯೂನಿಕ್ ನಿವಾಸಿ: ಆ ಪೇಟೆಂಟಿನ ಪಾಲುದಾರ ಲೆವಿ ಸ್ಟ್ರಾಸ್ ಹುಟ್ಟಿದ್ದು ನಮ್ಮ ಬವೇರಿಯಾ ರಾಜ್ಯದಲ್ಲಿ.

ಆಮ್‌ಸ್ಟರ್‌ಡ್ಯಾಮ್ ಸವಾರ: ಯುರೋಪ್ ಎಂದರೆ ಪ್ಯಾರಿಸ್ ಒಂದೇ ಅಲ್ಲ. ಕಪ್ಪು ಉಣ್ಣೆಯ ಕೋಟಿನ ಮಹಿಮೆಯನ್ನು ನಂಬಿ ನಾನು 210 ಯೂರೊ ಸುರಿದೆ. ಮೊದಲ ತಿಂಗಳಲ್ಲೇ ಅದರ ಅಂಚು ಸೈಕಲ್ಲಿನ ಹಿಂಚಕ್ರಕ್ಕೆ ಸಿಕ್ಕು ಮೊಳದುದ್ದ ಹರಿಯಿತು. ದರ್ಜಿ 45 ಯೂರೊ ಪಡೆದು ಹಾಕಿದ ಹೊಲಿಗೆ ಮಾರು ದೂರದಿಂದ ಕಾಣುತ್ತದೆ. ಈಗ ಕಚೇರಿಯ ಪ್ಯಾಂಟಿನ ಮೇಲೆ ಮಳೆಯ ಪ್ಯಾಂಟು ಏರಿಸಿಕೊಂಡೇ ಹೊರಡುತ್ತೇನೆ.

ಪ್ಯಾರಿಸ್ ಗೃಹಿಣಿ: ಸೈಕಲ್ ಹೊಡೆಯಲು ಬಾರದಿದ್ದರೆ ಕೋಟಿನ ತಪ್ಪಲ್ಲ.

ನ್ಯೂಜೆರ್ಸಿಯವನು: ಮ್ಯೂನಿಕ್‌ನವರೇ, ಒಂದು ದಿನ ತೊಟ್ಟ ಬೂಟನ್ನು ಯಾರು ತಾನೇ ವಾಪಸು ಪಡೆಯುತ್ತಾರೆ?

ಮ್ಯೂನಿಕ್ ನಿವಾಸಿ: ಮನೆಯೊಳಗೆ, ನೆಲಹಾಸಿನ ಮೇಲೆ ಮಾತ್ರ ನಡೆದು ನೋಡಿದ್ದೆ; ಅಟ್ಟೆಗೆ ಮಣ್ಣೂ ತಾಗಿರಲಿಲ್ಲ. ಪ್ರಶ್ನೆ ಕೇಳಿದವರೇ, ನಿಮ್ಮ ಪಾದದ ಅಳತೆ 38 ಆಗಿದ್ದರೆ ತಿಳಿಸಿ. ಆ ಜೋಡಿ ಡಬ್ಬಿಯ ಸಮೇತ ಕಪಾಟಿನಲ್ಲಿದೆ, 60 ಯೂರೊಗೆ ಕೊಡುತ್ತೇನೆ.