ಟಿಎಲ್‌ಡಿ ಬ್ಯಾಡ್ಜಿಗೆ ಕ್ಯಾಲ್ಸಿಯಂ ಸಲ್ಫೇಟೇ ಇರಬೇಕೇ?

ಎಕ್ಸ್‌ರೇ ತಂತ್ರಜ್ಞೆ: ನಮ್ಮ ವಿಭಾಗದವರು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ (ಥರ್ಮೋಲ್ಯೂಮಿನೆಸೆಂಟ್ ಡೋಸಿಮೀಟರ್: ಬಿಸಿ ಮಾಡಿದಾಗ ಹೊಮ್ಮುವ ಬೆಳಕಿನಿಂದ ತಗಲಿದ ವಿಕಿರಣವನ್ನು ಅಳೆಯುವ ಸಾಧನ) ಬ್ಯಾಡ್ಜಿನೊಳಗಿನ ಕಾರ್ಡಿನಲ್ಲಿ ಮೂರು ಬಿಳಿ ಬಿಲ್ಲೆಗಳಿವೆ. ಡಿಸ್ಪ್ರೋಸಿಯಂ ಎಂಬ ವಿರಳ ಭೂಧಾತು ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನ್ ಜೊತೆ ಒತ್ತಿ ಮಾಡಿದವು. ಇದು ಹಳೆಯ ಕಾಲದ್ದು, ಲಿಥಿಯಂ ಫ್ಲೋರೈಡ್ ಬರಬೇಕು ಎಂದು ಸಹೋದ್ಯೋಗಿಯೊಬ್ಬರ ವಾದ. ತಿಳಿದವರು ಹೇಳಿ.

ವೈದ್ಯಕೀಯ ಭೌತವಿಜ್ಞಾನಿ: ಅವರ ಮಾತಿನಲ್ಲಿ ಹುರುಳಿದೆ. ದೇಹದ ಅಂಗಾಂಶದ ಪರಿಣಾಮಕಾರಿ ಪರಮಾಣು ಸಂಖ್ಯೆ (ಹಲವು ಧಾತುಗಳ ವಸ್ತುವನ್ನು ಒಂದೇ ಧಾತುವೆಂದು ಎಣಿಸಿದಾಗ ಸಿಗುವ ಸಂಖ್ಯೆ) ಸುಮಾರು 7.4. ಲಿಥಿಯಂ ಫ್ಲೋರೈಡಿನದು 8.2, ಕ್ಯಾಲ್ಸಿಯಂ ಸಲ್ಫೇಟಿನದು 15ರ ಮೇಲೆ. ಈ ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಶಕ್ತಿಯ ಎಕ್ಸ್‌ರೇಯನ್ನು ವಸ್ತು ಹೆಚ್ಚು ಹೀರುತ್ತದೆ. ಹಾಗಾಗಿ 30 ಕೆಇವಿ (ಎಕ್ಸ್‌ರೇ ಶಕ್ತಿಯ ಮಾನ) ಆಸುಪಾಸಿನ ಎಕ್ಸ್‌ರೇಗೆ ಕ್ಯಾಲ್ಸಿಯಂ ಸಲ್ಫೇಟ್ ಸುಮಾರು ಹತ್ತು ಪಟ್ಟು ಹೆಚ್ಚು ತೋರಿಸುತ್ತದೆ. ರೋಗನಿದಾನ ವಿಭಾಗದವರು ಎದುರಿಸುವುದೇ ಕಡಿಮೆ ಶಕ್ತಿಯ ಎಕ್ಸ್‌ರೇ.

ಫಾಸ್ಫರ್ ಸಂಶೋಧಕಿ: ಸರ್, ಆ ದೋಷಕ್ಕೆ ಪರಿಹಾರ ಬ್ಯಾಡ್ಜಿನಲ್ಲೇ ಇದೆ. ಒಂದು ಬಿಲ್ಲೆಯ ಮೇಲೆ ತಾಮ್ರ-ಅಲ್ಯೂಮಿನಿಯಂ ಶೋಧಕ (ಫಿಲ್ಟರ್), ಇನ್ನೊಂದರ ಮೇಲೆ ಪ್ಲಾಸ್ಟಿಕ್, ಮೂರನೆಯದು ತೆರೆದ ಕಿಂಡಿ. ಮೂರರ ಬೆಳಕನ್ನು ಹೋಲಿಸಿದರೆ ವಿಕಿರಣದ ಸ್ವರೂಪ ತಿಳಿಯುತ್ತದೆ. ಸಾಮಾನ್ಯ ಲಿಥಿಯಂ ಫ್ಲೋರೈಡಿಗಿಂತ ಇದು ಹತ್ತಾರು ಪಟ್ಟು ಸಂವೇದಿ. ಮೂರು ತಿಂಗಳಲ್ಲಿ ತಗಲುವ ಅಲ್ಪ ಪ್ರಮಾಣವನ್ನು ಅಳೆಯಬೇಕಾದಲ್ಲಿ ಇದನ್ನು ಸುಮ್ಮನೆ ಬಿಟ್ಟುಕೊಡಲಾಗದು.

ಎಂಎಸ್ಸಿ ವಿದ್ಯಾರ್ಥಿ: ವಿಕಿರಣವನ್ನು ಹಿಡಿದಿಡುವುದು ಡಿಸ್ಪ್ರೋಸಿಯಂ ತಾನೇ ಮೇಡಂ?

ಫಾಸ್ಫರ್ ಸಂಶೋಧಕಿ: ಅಲ್ಲ, ಗೊಂದಲವಿರುವುದು ಇಲ್ಲೇ. ವಿಕಿರಣ ಬಿದ್ದಾಗ ಬಿಡುಗಡೆಯಾದ ಎಲೆಕ್ಟ್ರಾನು ಮತ್ತು ರಂಧ್ರಗಳು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಸ್ಥಾನಗಳು) ಸ್ಫಟಿಕದ ದೋಷಗಳಲ್ಲಿ ಸಿಕ್ಕಿಬೀಳುತ್ತವೆ. ಪ್ರಯೋಗಾಲಯದಲ್ಲಿ ಬಿಸಿ ನೈಟ್ರೋಜನ್ ಹಾಯಿಸಿದಾಗ, 220 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅವು ಹೊರಬಂದು ಮತ್ತೆ ಕೂಡುತ್ತವೆ. ಆ ಶಕ್ತಿ ಡಿಸ್ಪ್ರೋಸಿಯಂ ಅಯಾನಿಗೆ ದಾಟಿ, 480 ನ್ಯಾನೋಮೀಟರಿನ ನೀಲಿಯಾಗಿ, 575ರ ಹಳದಿಯಾಗಿ ಹೊಮ್ಮುತ್ತದೆ. ಡಿಸ್ಪ್ರೋಸಿಯಂ ಬದಲು ಥೂಲಿಯಂ ಎಂಬ ಇನ್ನೊಂದು ವಿರಳ ಭೂಧಾತು ಹಾಕಿ ನೋಡಿ: ಬಣ್ಣ ಬದಲಾಗುತ್ತದೆ, ಬೆಳಗುವ ತಾಪ ಹೆಚ್ಚುಕಡಿಮೆ ಅದೇ. 1974ರಲ್ಲಿ ನಂಬಿ, ಬಾಪಟ್, ಗಂಗೂಲಿ ಅವರು ವಿರಳ ಭೂಧಾತುಗಳನ್ನು ಈ ಸಲ್ಫೇಟಿಗೆ ಬೆರೆಸಿ ಪ್ರಕಟಿಸಿದ ಅಧ್ಯಯನವನ್ನು ಓದಿ.

ಎಂಎಸ್ಸಿ ವಿದ್ಯಾರ್ಥಿ: ಹಾಗಿದ್ದರೆ ಅಗ್ಗದ ಮ್ಯಾಂಗನೀಸ್ ಸಾಕಲ್ಲವೇ?

ಫಾಸ್ಫರ್ ಸಂಶೋಧಕಿ: ಸಾಲದು. ಮ್ಯಾಂಗನೀಸ್ ಬೆರೆತ ಸಲ್ಫೇಟ್ 100 ಡಿಗ್ರಿಯ ಆಸುಪಾಸಿನಲ್ಲೇ ಬೆಳಗುತ್ತದೆ. ಸಿಕ್ಕಿಬಿದ್ದ ಆವೇಶ ಕೋಣೆಯ ತಾಪದಲ್ಲೇ ಸೋರಿಹೋಗುತ್ತದೆ, ಒಂದೆರಡು ದಿನದಲ್ಲಿ ಬಹುಪಾಲು ಮಾಯ. ಮೂರು ಧನಾವೇಶದ ಡಿಸ್ಪ್ರೋಸಿಯಂ, ಎರಡು ಧನಾವೇಶದ ಕ್ಯಾಲ್ಸಿಯಂ ಜಾಗದಲ್ಲಿ ಕೂತಾಗ ಆವೇಶ ಸರಿದೂಗಲು ಬೇರೆಡೆ ಕ್ಯಾಲ್ಸಿಯಂ ಜಾಗ ಖಾಲಿಯಾಗುತ್ತದೆ. ಇಂಥ ತಾಣಗಳೇ ಆವೇಶವನ್ನು ಬಿಗಿಯಾಗಿ ಹಿಡಿದಿಡಲು ನೆರವಾಗುತ್ತವೆ. ಬೆಳಕು ಅಯಾನಿನದು, ನೆನಪು ಸ್ಫಟಿಕದ್ದು. ಎರಡನ್ನೂ ಒಟ್ಟಿಗೆ ನೋಡದೆ ಸಾಮಗ್ರಿ ಬದಲಿಸಿ ಎನ್ನುವುದು ತಪ್ಪು.

ವೈದ್ಯಕೀಯ ಭೌತವಿಜ್ಞಾನಿ: ಸಂವೇದನೆಯ ಮಾತು ಒಪ್ಪುತ್ತೇನೆ. ಆದರೆ ಶೋಧಕಗಳ ಲೆಕ್ಕಾಚಾರ ನಿಲ್ಲುವುದು ಬಳಸುವವರ ಎಚ್ಚರದ ಮೇಲೆ. ಅಂಗಾಂಶಕ್ಕೆ ಹತ್ತಿರವಾದ ಸಾಮಗ್ರಿಯಲ್ಲಿ ಆ ಅವಲಂಬನೆ ಕಡಿಮೆ. ಈ ಆಕ್ಷೇಪ ನನ್ನಲ್ಲಿ ಉಳಿದೇ ಇದೆ.

ಎಕ್ಸ್‌ರೇ ತಂತ್ರಜ್ಞೆ: ನಮ್ಮ ಕೈಯಲ್ಲಿರುವುದೇನು ಸರ್?

ವೈದ್ಯಕೀಯ ಭೌತವಿಜ್ಞಾನಿ: ಹೊಸ ಕಾರ್ಡ್ ಬಂದಾಗ ತಿರುವುಮುರುವಾಗಿ ಸೇರಿಸಬೇಡಿ, ಬಿಲ್ಲೆಗಳು ಬೇರೆ ಶೋಧಕದ ಕೆಳಗೆ ಬಂದರೆ ಹೋಲಿಕೆಯೇ ಕೆಡುತ್ತದೆ. ಸೀಸದ ಏಪ್ರನ್ ತೊಟ್ಟರೆ ಬ್ಯಾಡ್ಜ್ ಅದರ ಒಳಗಿರಲಿ. ಕೆಲಸ ಮುಗಿದ ಮೇಲೆ ಎಕ್ಸ್‌ರೇ ಕೋಣೆಯಲ್ಲಿ ಬಿಟ್ಟು ಹೋಗಬೇಡಿ.